ನನ್ನ ಮೂಗಿನಲ್ಲಿ ಕೂತು ವಿಮಾನ ಹತ್ತಿದ್ದು

ಹಾಲೆಂಡಿಗೆ ಹೋಗಿ ಬಂದ ಮೇಲೆ ಬಸ್ಸಿನಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ, ಗಾಳಿಗಿರಣಿ ನೋಡಿದೆಯಾ, ಹೂವಿನ ಗದ್ದೆ ನೋಡಿದೆಯಾ ಎಂದು. ಗಾಳಿಗಿರಣಿ ಒಂದನ್ನು ಕಾರಿನ ಕಿಟಕಿಯಿಂದ ನೋಡಿದೆ, ಅದು ತಿರುಗುತ್ತಿರಲಿಲ್ಲ. ಹೂವಿನ ಕಾಲ ನಾನು ಹೋಗುವ ಮೊದಲೇ ಮುಗಿದಿತ್ತು. ಅಲ್ಲಿ ನಾನು ಚೆನ್ನಾಗಿ ನೋಡಿದ್ದು ಒಂದು ಬಾಗಿಲನ್ನು. ಬೂದು ಬಣ್ಣದ ಬಾಗಿಲು, ನಡುವೆ ಉದ್ದಕ್ಕೆ ಗಾಜು. ಅದರ ಆಚೆ ನನ್ನ ಮೊಮ್ಮಗಳಿದ್ದಳು, ಈಚೆ ನಾನಿದ್ದೆ. ಬೇರೆ ಊರು ಕೇರಿ ನೋಡಿದವರು ಅದನ್ನು ಬರೆಯಲಿ. ನಾನು ಈ ಬಾಗಿಲಿನ ವಿಷಯ ಬರೆಯುತ್ತೇನೆ. ಓದಿದ್ದು ನಾಲ್ಕನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮುತ್ತಿನಕೊಪ್ಪ

ನನ್ನ ಮಗಳು ಚೈತ್ರ ಗಿಡಗಳ ರೋಗದ ಬಗ್ಗೆ ಓದಿದವಳು. ಹಾಲೆಂಡಿನಲ್ಲಿ ಗಾಜಿನ ಮನೆಯೊಳಗೆ ಟೊಮೆಟೊ ಬೆಳೆಯುತ್ತಾರಲ್ಲ, ಅಲ್ಲಿ ಗಿಡ ಪರೀಕ್ಷೆ ಮಾಡುವ ಕೆಲಸ. ಮದುವೆಯಾದದ್ದು ಅಲ್ಲಿನವನನ್ನೇ, ಯಾನ್ ಅಂತ. ನಾವು ಮೊದಲು ಕೂಗಾಡಿದೆವು, ಆಮೇಲೆ ಸುಮ್ಮನಾದೆವು. ಬಸುರಿ ಎಂದು ಫೋನು ಬಂದಾಗ, ಬಾಣಂತನಕ್ಕೆ ನಾನೇ ಬರುತ್ತೇನೆ ಎಂದೆ. ಅವಳು ಅಳುವುದೊಂದು ಬಾಕಿ. ನಾನೇನೂ ಅಳಲಿಲ್ಲ, ಪಾಸ್‌ಪೋರ್ಟು ಮಾಡಿಸು ಎಂದು ಮಗ ರಮೇಶನಿಗೆ ಹೇಳಿದೆ.

ಹೊರಡುವುದಕ್ಕೆ ಸ್ವಲ್ಪ ಮುಂಚೆ ಗೌರಿ ಎಂಬ ನಮ್ಮ ಹಸು ನನ್ನ ಹೆಬ್ಬೆರಳು ಮೆಟ್ಟಿತು. ಉಗುರು ಹೋಗಿ, ಕೀವಾಗಿ, ಕಾಲು ಮಂಡಿಯವರೆಗೆ ಊದಿ, ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ವಾಸಿ ಮಾಡಿಯೇ ಕಳಿಸಿದರು. ಆದರೆ ಹೊರಡುವ ಹೊತ್ತಿಗೂ ಗಾಯದ ಬಾಯಿ ಪೂರ್ತಿ ಒಣಗಿರಲಿಲ್ಲ, ಬಟ್ಟೆ ಕಟ್ಟಿಕೊಂಡಿದ್ದೆ.

"ಒಂದು ತಿಂಗಳು ಮುಂದೆ ಹಾಕಣ ಅಮ್ಮ," ಎಂದ ರಮೇಶ.

"ಮಗು ನನ್ನ ಹೆಬ್ಬೆರಳು ವಾಸಿಯಾಗ್ಲಿ ಅಂತ ಕಾಯ್ತದಾ ಮಾರಾಯ?" ಎಂದೆ.

ನಮ್ಮದು ನಾಲ್ಕು ಹಸು, ಡೈರಿಗೆ ಹಾಲು ಹಾಕುವ ಮನೆ. ಸೊಸೆ ಶಶಿಕಲಾಳಿಗೆ ಕೊಟ್ಟಿಗೆ ವಹಿಸಿ ಹೋಗುವಾಗ ಒಂದೇ ಮಾತು ಎರಡು ಸಲ ಹೇಳಿದೆ.

"ಕೆಂಪೀನ ಎಲ್ಲಾದಕ್ಕಿಂತ ಕೊನೆಗೆ ಕರೀಬೇಕು. ಮೊದ್ಲು ಗೌರಿ, ಆಮೇಲೆ ಉಳಿದ ಎರಡು, ಕೊನೆಗೆ ಕೆಂಪಿ. ಕರೆದ ಮೇಲೆ ಕೈ, ತಂಬಿಗೆ ಎರಡೂ ಬಿಸಿ ನೀರಲ್ಲಿ ತೊಳೀಬೇಕು."

"ಕೆಂಪಿಗೆ ಎಂತ ಆಗಿದೆ ಅತ್ತೆ? ಗುಂಡುಗುಂಡಗೆ ಉಂಟು. ಹಾಲೂ ಚೊಲೋ ಉಂಟು."

"ಅದಕ್ಕೇ ಹೇಳದು. ಅದಕ್ಕೆ ಎಂತದೂ ಆಗಲ್ಲ. ಅದ್ರ ಕೆಚ್ಚಲಲ್ಲಿ ಇರದು ನಿನ್ನ ಕೈ ಹಿಡ್ಕಂಡು ಗೌರಿ ಕೆಚ್ಚಲಿಗೆ ಹೋಗ್ತದೆ. ಗೌರಿಗೆ ಬಾವು ಬರ್ತದೆ. ಹೋದ ವರ್ಷ ಮರ್ತೋಯ್ತಾ?"

ಹೋದ ವರ್ಷ ಒಂದು ಹಸುವಿನ ಎರಡು ಮೊಲೆ ಹೀಗೇ ಬತ್ತಿ ಹೋಗಿದ್ದವು. ಸೊಸೆ ತಲೆಯಾಡಿಸಿದಳು.

ಗಂಟು ಕಟ್ಟಿದ್ದು ಇಷ್ಟು: ಬಾಣಂತಿ ಲೇಹ್ಯ, ಒಣಶುಂಠಿ, ಕಾಳುಮೆಣಸು, ಮನೆಯ ತೆಂಗಿನೆಣ್ಣೆ, ಮತ್ತು ನನ್ನ ಹಳೆಯ ಸೀರೆ ಹರಿದು ಮಾಡಿದ ಮೆತ್ತನೆ ಬಟ್ಟೆಗಳು. ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಚುಚ್ಚುತ್ತದೆ. ನನ್ನ ಮಕ್ಕಳು, ರಮೇಶನ ಮಕ್ಕಳು ಎಲ್ಲರನ್ನೂ ಮೊದಲು ಸುತ್ತಿದ್ದು ಹಳೆ ಸೀರೆಯಲ್ಲೇ. ಮೊದಲ ಎಣ್ಣೆನೀರು ಹಾಕಿದ್ದು ನನ್ನ ಕಾಲ ಮೇಲೆಯೇ. ಇದಕ್ಕೂ ಹಾಗೇ ಆಗಬೇಕು ಎಂದು ಹೊರಟವಳು ನಾನು.

ದಾರಿ

ವಿಮಾನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕಾಲಿನ ಕಾರಣಕ್ಕೆ ರಮೇಶ ಗಾಲಿಕುರ್ಚಿಗೆ ಹೇಳಿದ್ದ. ಹಾಲಿನ ಕ್ಯಾನು ಹೊರುವವಳನ್ನು ಕೂರಿಸಿ ತಳ್ಳಿದರು. ತಳ್ಳುತ್ತಿದ್ದ ಹೆಂಗಸು ನನ್ನಷ್ಟೇ ವಯಸ್ಸಾದವಳಂತೆ ಕಂಡಳು. ನೀನು ಕೂರು, ನಾನು ತಳ್ಳುತ್ತೇನೆ ಎಂದು ಸನ್ನೆ ಮಾಡಿದೆ. ಅವಳು ನಕ್ಕಳು, ಆದರೆ ಕೂರಲಿಲ್ಲ.

ಅಲ್ಲಿ ಇಳಿದ ಮೇಲೆ ಲೇಹ್ಯದ ಡಬ್ಬಿಯ ಮುಚ್ಚಳ ತೆಗೆಸಿದರು. ಅಧಿಕಾರಿಯೊಬ್ಬ ಮೂಗು ಹತ್ತಿರ ತಂದು ಮೂಸಿದ, ಕಣ್ಣಲ್ಲಿ ನೀರು ಬಂತು. ನನ್ನ ಮುಖ ನೋಡಿದ, ಡಬ್ಬಿ ನೋಡಿದ, ಮುಚ್ಚಳ ಹಾಕಿ ಕೊಟ್ಟ. ನನ್ನ ಚೀಲವನ್ನೆಲ್ಲ ಹೀಗೆ ಶೋಧಿಸಿದರು. ನನ್ನ ಮೂಗಿನೊಳಗೆ ಕೂತು ಬಂದವನನ್ನು ಮಾತ್ರ ಅವರಾಗಲಿ ನಾನಾಗಲಿ ಕಾಣಲಿಲ್ಲ.

ಚೈತ್ರಳ ಮನೆ

ಆ ಊರಿನಲ್ಲಿ ಕಿಟಕಿಗೆ ಪರದೆ ಎಳೆಯುವುದಿಲ್ಲ. ಬೀದಿಯಲ್ಲಿ ಹೋಗುವವರಿಗೆ ಒಳಗೆ ಊಟ ಮಾಡುವುದು, ಓದುವುದು ಎಲ್ಲ ಕಾಣುತ್ತದೆ. ಆದರೆ ಯಾರೂ ನೋಡುವುದಿಲ್ಲ. ನಾನೊಬ್ಬಳೇ ನೋಡಿದ್ದು. ಕಕ್ಕಸಿನ ಗೋಡೆಗೆ ನೆಂಟರ ಹುಟ್ಟಿದ ದಿನಗಳ ಕ್ಯಾಲೆಂಡರು ತೂಗುಹಾಕಿರುತ್ತಾರೆ. ದೇವರ ಫೋಟೋದ ಪಕ್ಕ ಹಾಕುವುದು ಬಿಟ್ಟು ಅಲ್ಲಿ ಯಾಕೆ ಎಂದರೆ, "ದಿನಾ ಎಲ್ರೂ ಕೂತು ನೋಡೋ ಜಾಗ ಅದೊಂದೇ ಅಮ್ಮ," ಎಂದಳು ಚೈತ್ರ. ಕಾಫಿಯ ಜೊತೆ ಬಿಸ್ಕತ್ತು ಒಂದೇ ಕೊಡುತ್ತಾರೆ. ಕೊಟ್ಟು ಡಬ್ಬಿಯ ಮುಚ್ಚಳ ಹಾಕುತ್ತಾರೆ. ಎರಡನೆಯದಕ್ಕೆ ಕೈ ಹಾಕಿದ ನಾನು ಮುಚ್ಚಳಕ್ಕೆ ಬೆರಳು ಕೊಟ್ಟುಕೊಂಡೆ.

ಆದರೂ ಆ ಜನ ನನಗೆ ಹಿಡಿಸಿದರು. ಮನಸ್ಸಿನಲ್ಲಿ ಇದ್ದದ್ದು ಬಾಯಲ್ಲಿ. ನಾನು ಸಾರು ಮಾಡಿ ಬಡಿಸಿದರೆ ಯಾನ್ ಒಂದು ಚಮಚ ಕುಡಿದು, "ಅಮ್ಮ, ಇದು ಖಾರ. ನನಗೆ ಬೇಡ," ಎಂದು ತನ್ನ ಮುರುಕು ಕನ್ನಡದಲ್ಲಿ ಹೇಳಿ ಬ್ರೆಡ್ಡು ತಂದುಕೊಂಡ. ನಮ್ಮಲ್ಲಿ ಅಳಿಯ ಹೀಗೆ ಹೇಳಿದರೆ ಮೂರು ಮನೆಗೆ ಸುದ್ದಿಯಾಗುತ್ತದೆ. ನನಗೆ ಸಮಾಧಾನವಾಯಿತು. ಚೆನ್ನಾಗಿದೆ ಎಂದು ಹೇಳಿ ನಾಯಿಗೆ ಹಾಕುವುದಕ್ಕಿಂತ ಇದು ವಾಸಿ.

ಚೈತ್ರಳ ಬೆನ್ನಿಗೆ ಎಣ್ಣೆ ತಿಕ್ಕುತ್ತಾ, ಅವಳ ಹಾಸಿಗೆಯ ಪಕ್ಕದಲ್ಲೇ ಮಲಗಿಕೊಂಡು ಹಾಯಾಗಿದ್ದೆ. ಹೆರಿಗೆಗೆ ಇನ್ನೂ ಕಾಲವಿತ್ತು. ಒಂದು ಬೆಳಿಗ್ಗೆ ಅವಳು ಮೇಜು ಹಿಡಿದು ನಿಂತುಕೊಂಡಳು. ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು.

"ಕಾರ್ ತೆಗಿಯೋ ಮಾರಾಯ," ಎಂದೆ ಯಾನ್‌ಗೆ. ಅದನ್ನು ಅವನಿಗೆ ಯಾರೂ ಅನುವಾದ ಮಾಡಿ ಹೇಳಬೇಕಾಗಲಿಲ್ಲ.

ಮಗು ಅವಸರದಲ್ಲಿ ಬಂತು. ಹೆಣ್ಣು. ಯಾನ್‌ನ ಅಂಗೈ ಮತ್ತು ಮೊಣಕೈಯ ನಡುವೆ ಇಡೀ ಮಗು ಮಲಗುತ್ತಿತ್ತಂತೆ. ಅಂತೆ ಎಂದು ಯಾಕೆ ಬರೆಯುತ್ತೇನೆ ಎಂದರೆ ನನ್ನನ್ನು ಒಳಗೆ ಬಿಡಲಿಲ್ಲ.

ಬಾಗಿಲು

ಹೊತ್ತಿಗೆ ಮುಂಚೆ ಹುಟ್ಟಿದ ಮಕ್ಕಳ ವಾರ್ಡು ಅದು. ಬಾಗಿಲಲ್ಲಿ ಮಾರ್ಲೀಸ್ ಎಂಬ ನರ್ಸು ತಡೆದಳು. ಒಳಗೆ ಮಲಗಿದ್ದ ಚೈತ್ರ ಯಾನ್‌ನ ಫೋನಿನಲ್ಲಿ ನನಗೆ ಕನ್ನಡದಲ್ಲಿ ಹೇಳಿದಳು.

"ಅಮ್ಮ, ನೀನು ಇತ್ತೀಚೆಗೆ ಬೇರೆ ದೇಶದ ಆಸ್ಪತ್ರೆಲಿ ಮಲಗಿದ್ಯಾ ಅಂತ ಕೇಳ್ತಿದಾರೆ."

"ಇಲ್ಲ ಅನ್ನು."

"ಹೌದು ಅಂತ ಆಗ್ಲೇ ಹೇಳ್ದೆ."

"ನಿಂಗೆಂತ ಬಾಯಿ ನಿಲ್ಲಲ್ವಾ? ನನ್ನ ಹೆಬ್ಬೆರಳಿನ ಸುದ್ದಿ ಇವ್ರಿಗೆ ಎಂತಕ್ಕೆ?"

"ಇಲ್ಲಿ ಎಲ್ರನ್ನೂ ಕೇಳ್ತಾರೆ ಅಮ್ಮ. ಮನೇಲಿ ದನ, ಹಂದಿ, ಕೋಳಿ ಸಾಕ್ತೀರಾ ಅಂತಾನೂ ಕೇಳ್ತಿದಾರೆ."

ನನ್ನ ದನದ ವಿಷಯ ಕೇಳಿದ ಆಸ್ಪತ್ರೆ ನನ್ನ ಜನ್ಮದಲ್ಲಿ ಇದೊಂದೇ. ನಾಲ್ಕು ಹಸು, ಎರಡು ಕರು ಎಂದು ಹೇಳಿದೆ. ಆಮೇಲೆ ಮಾರ್ಲೀಸ್ ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ, ಹತ್ತಿ ಸುತ್ತಿದ ಕಡ್ಡಿಯನ್ನು ಮೂಗಿನಲ್ಲಿ ತಿರುಗಿಸಿದಳು, ಗಂಟಲಲ್ಲಿ ತಿರುಗಿಸಿದಳು, ಹೆಬ್ಬೆರಳಿನ ಬಟ್ಟೆ ಬಿಚ್ಚಿ ಗಾಯಕ್ಕೆ ತಾಗಿಸಿದಳು. ಇನ್ನೊಂದು ಜಾಗಕ್ಕೂ ಕಡ್ಡಿ ಬೇಕು ಎಂದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಯಾನ್ ಅನುವಾದ ಮಾಡಬೇಕಾದವನು ಗೋಡೆ ಕಡೆ ತಿರುಗಿ ನಿಂತ.

ವಿಷಯ ಇಷ್ಟು. ಎಂ.ಆರ್.ಎಸ್.ಎ. ಎಂಬ ಒಂದು ಸೂಕ್ಷ್ಮ ಹುಳ ಇದೆ. ಸಾಮಾನ್ಯ ಮದ್ದಿಗೆ ಅದು ಸಾಯುವುದಿಲ್ಲ. ಗಟ್ಟಿಯಾಗಿರುವವರ ಮೂಗಿನಲ್ಲಿ, ಚರ್ಮದಲ್ಲಿ ಸುಮ್ಮನೆ ಕೂತಿರುತ್ತದೆ; ಜ್ವರವಿಲ್ಲ, ನೆಗಡಿಯಿಲ್ಲ, ಹೊತ್ತವರಿಗೆ ಗೊತ್ತೇ ಇರುವುದಿಲ್ಲ. ಆದರೆ ಆಪರೇಷನ್ ಆದವರ ಗಾಯಕ್ಕೋ, ಚೋಟುದ್ದದ ಮಗುವಿನ ರಕ್ತಕ್ಕೋ ಸೇರಿತೆಂದರೆ ಕಷ್ಟ. ಅದಕ್ಕೇ ಅಲ್ಲಿ ರೋಗ ಬರಲಿ ಎಂದು ಕಾಯದೆ, ಹೊತ್ತಿರಬಹುದಾದವರನ್ನು ಹುಡುಕಿ ಮೊದಲೇ ಬೇರೆ ಇಡುತ್ತಾರೆ. ನಾನು ಹೊತ್ತಿರಬಹುದಾದವಳು. ನನ್ನ ಪಕ್ಕದಲ್ಲಿ ಮಲಗಿದ್ದ ಚೈತ್ರ, ಅವಳು ಹೆತ್ತ ಮಗು, ಅವರೂ ಹೊತ್ತಿರಬಹುದಾದವರು. ಫಲಿತಾಂಶ ಬರುವವರೆಗೆ ತಾಯಿ ಮಗು ಇಬ್ಬರನ್ನೂ ಬೇರೆ ಕೋಣೆಗೆ ಹಾಕಿದರು. ನಾನು ಹೊರಗೆ.

ಇದನ್ನೆಲ್ಲ ಚೈತ್ರ ಫೋನಿನಲ್ಲಿ ಬಿಡಿಸಿ ಹೇಳಿದಳು. ನನಗೆ ಕೇಳಿಸಿದ್ದು ಒಂದೇ: ನನ್ನ ಕೈ ಗಲೀಜು ಎನ್ನುತ್ತಿದ್ದಾರೆ. ಎಷ್ಟು ಬಾಣಂತನ ಮಾಡಿದ ಕೈ ಇದು!

ಅಷ್ಟರಲ್ಲಿ ಯಾನ್‌ನ ತಾಯಿ ಟ್ರೂಸ್ ಬಂದಳು. ಎತ್ತರದ ಹೆಂಗಸು, ಗಂಡಸರ ಹಾಗೆ ಕತ್ತರಿಸಿದ ಬಿಳಿಕೂದಲು, ಗಂಡ ತೀರಿಕೊಂಡ ಮೇಲೆ ಒಬ್ಬಳೇ ಜಮೀನು ನೋಡಿಕೊಳ್ಳುವವಳು. ನನ್ನ ಕೈ ಕುಲುಕಿದಳು. ಬಾಗಿಲಿಗೆ ದೂರದಲ್ಲೇ ನಿಂತು ಯಾನ್‌ಗೆ ಒಂದು ಚೀಲ ಕೊಟ್ಟಳು, ಅದೇನೋ ಮಾತಾಡಿದಳು, ನಕ್ಕಳು, ಹೋದಳು. ಒಳಗೆ ಹೋಗಲೂ ಇಲ್ಲ, ಹೋಗುತ್ತೇನೆ ಎಂದು ಕೇಳಲೂ ಇಲ್ಲ. ಮೊದಲ ಮೊಮ್ಮಗು! ಎಂಥ ಕಲ್ಲು ಮನಸ್ಸಿನ ಹೆಂಗಸಪ್ಪ ಎಂದುಕೊಂಡೆ.

ಗಾಜಿನ ಈಚೆ

ವಾರ್ಡಿನ ಹೊರಗಿನ ಓಣಿಯಲ್ಲಿ ಒಂದು ಕುರ್ಚಿ ಕೊಟ್ಟಿದ್ದರು. ಗಾಜಿನ ಮೂಲಕ ಒಳಗಿನ ಕೋಣೆಗಳ ಬಾಗಿಲು ಸಾಲಾಗಿ ಕಾಣುತ್ತಿದ್ದವು. ನನಗೆ ಹತ್ತಿರದ ಈ ತುದಿಯದು ಚೈತ್ರಳದು, ಅದಕ್ಕೂ ನಡುವೆ ಗಾಜು. ಮಗು ಕಾಣುತ್ತಿರಲಿಲ್ಲ. ನಾನು ಕೂತು ಕಾದದ್ದೇ ಕೆಲಸ, ಕಾಯುವವಳಿಗೆ ಕಣ್ಣು ಚುರುಕು.

ಡಾಕ್ಟರು ಬಂದರು. ಎಲ್ಲ ಕೋಣೆಗೂ ಹೋದರು, ಚೈತ್ರಳ ಕೋಣೆಗೆ ಕೊನೆಗೆ. ಊಟದ ಗಾಡಿ ಬಂತು, ಅವಳಿಗೆ ಕೊನೆಗೆ. ನೆಲ ಒರೆಸುವವನು ಅಷ್ಟೂ ಒರೆಸಿ, ಅವಳ ಬಾಗಿಲನ್ನು ದಾಟಿ ಹೋಗಿ, ಕೊನೆಗೆ ತಿರುಗಿ ಬಂದ. ಮಾರನೆಯ ದಿನವೂ ಹಾಗೇ. ನನಗೆ ಉರಿಯಿತು.

"ನಮ್ಮ ಹುಡುಗಿ ಕಪ್ಪು ಅಂತಾನಾ?" ಎಂದೆ ಯಾನ್‌ಗೆ. "ನಿಮ್ಮೋರು ಬೆಳ್ಳಗಿರೋರ್‌ಗೆಲ್ಲ ಬಡಿಸಿ ಉಳಿದದ್ದು ಇವ್ಳಿಗೆ ಹಾಕ್ತಾರಾ?"

ಅವನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. "ಅಮ್ಮ, ಇಲ್ಲ, ಇಲ್ಲ," ಎಂದ. ಚೈತ್ರಳಿಗೆ ಫೋನು ಹಚ್ಚಿದೆ.

"ಊಟ ತಣ್ಣಗಾಗಿತ್ತಾ?"

"ಇಲ್ಲಿ ಮಧ್ಯಾಹ್ನ ಊಟ ತಣ್ಣಗೇ ಇರ್ತದೆ ಅಮ್ಮ. ಬ್ರೆಡ್ಡು."

"ಕೊನೆಗೆ ಕೊಟ್ಟ ಬ್ರೆಡ್ಡು!"

"ಅಯ್ಯೋ, ಜಗಳ ತೆಗೀಬೇಡ ಮಾರಾಯ್ತಿ. ನಂಗೆ ಹಾಲು ಬರ್ತಿಲ್ಲ ಅನ್ನೋದೇ ಚಿಂತೆ."

ಹಾಲು ಬರಿಸುವುದು ನನಗೆ ಗೊತ್ತಿರುವ ಕೆಲಸ. ಬೆನ್ನಿಗೆ ಬಿಸಿ ಕೊಟ್ಟು, ಒಣಶುಂಠಿ ಕುಡಿಸಿ, ಪಕ್ಕದಲ್ಲಿ ಕೂತು ನಾಲ್ಕು ಬೈದರೆ ಹಾಲು ಇಳಿಯುತ್ತದೆ. ನಾನು ಗಾಜಿಗೆ ಮೂಗು ಒತ್ತಿಕೊಂಡು ನಿಂತೆ. ಅದೇ ಮೂಗು.

ಆಗಲೇ ಮಾರ್ಲೀಸ್ ಚೈತ್ರಳ ಕೋಣೆಯ ಹೊರಗೆ ಬಂದು ನಿಂತಳು. ಹಳದಿ ನಿಲುವಂಗಿ ತೊಟ್ಟಳು, ಬಾಯಿಗೆ ಮಾಸ್ಕು ಕಟ್ಟಿಕೊಂಡಳು, ಕೈಗವಸು ಹಾಕಿಕೊಂಡು ಒಳಗೆ ಹೋದಳು. ಬಹಳ ಹೊತ್ತು ಇದ್ದಳು. ಬೇರೆ ಕೋಣೆಗಳಿಗಿಂತ ಹೆಚ್ಚು ಹೊತ್ತು. ಗಾಜಿನಿಂದ ಕಾಣುತ್ತಿತ್ತು, ಚೈತ್ರಳ ಬೆನ್ನು ನೀವುತ್ತಿದ್ದಳು. ಈಚೆ ಬರುವಾಗ ಹೊಸ್ತಿಲಲ್ಲೇ ಎಲ್ಲ ಬಿಚ್ಚಿ ಡಬ್ಬಿಗೆ ಹಾಕಿದಳು. ಮೊಣಕೈಯವರೆಗೆ ಕೈ ತೊಳೆದಳು. ಆಮೇಲೆ ಬೇರೆ ಯಾವ ಮಗುವಿನ ಹತ್ತಿರವೂ ಹೋಗಲಿಲ್ಲ. ನೇರವಾಗಿ ಹೋಗಿ ತನ್ನ ಮೇಜಿನ ಮುಂದೆ ಕೂತಳು.

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಕೆಂಪಿಯನ್ನು ಕರೆದು ಮುಗಿಸಿದ ಮೇಲೆ ನಾನು ಮಾಡುವುದು ಏನು? ಕೈ ತೊಳೆದು, ತಂಬಿಗೆ ತೊಳೆದು, ಕೊಟ್ಟಿಗೆಯಿಂದ ಹೊರಗೆ ಬರುವುದು. ಕೊನೆಗೆ ಕರೆಯುವುದು ಕೆಂಪಿಯ ಮೇಲಿನ ಸಿಟ್ಟಿಗೂ ಅಲ್ಲ, ಅದು ಕಡಿಮೆ ಹಸು ಅಂತಲೂ ಅಲ್ಲ. ಗೌರಿಯ ಕೆಚ್ಚಲು ಉಳಿಯಲಿ ಎಂದು. ಜನ್ಮವಿಡೀ ಮಾಡಿದ ಕೆಲಸ, ಬೇರೆಯವರು ಮಾಡುವಾಗ ಗುರುತು ಹಿಡಿಯುವುದಕ್ಕೆ ಎರಡು ದಿನ ಬೇಕಾಯಿತು.

ಓಣಿಯಲ್ಲಿ ಇನ್ನೊಬ್ಬಳು ಚಿಕ್ಕ ವಯಸ್ಸಿನ ತಾಯಿ ಓಡಾಡುತ್ತಿದ್ದಳು. ಅವಳ ಮಗು ನಮ್ಮದಕ್ಕಿಂತ ಎಷ್ಟೋ ಸಣ್ಣದಂತೆ. ಫೋನಿನಲ್ಲಿ ಫೋಟೋ ತೋರಿಸಿದಳು. ಮೈಯೆಲ್ಲ ನಳಿಗೆ, ಅವಳ ಬೆರಳನ್ನು ಹಿಡಿದುಕೊಂಡ ಒಂದು ಕೈ, ಆ ಕೈ ಜೇಡರ ಹುಳದಷ್ಟು. ನಾನು ಫೋನು ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು ನೋಡಿದೆ. ಅವಳು ಗಮನಿಸಲಿಲ್ಲ. ನನ್ನನ್ನು ನಾನೇ ಗಮನಿಸಿದೆ.

ಫಲಿತಾಂಶ ಬಂತು. ಮಗುವಿಗೆ ಇಲ್ಲ. ಚೈತ್ರಳಿಗೆ ಇಲ್ಲ. ನನಗೆ ಇದೆ, ಮೂಗಿನಲ್ಲೂ ಹೆಬ್ಬೆರಳಿನಲ್ಲೂ. ಎಲ್ಲಿ ಹತ್ತಿತು ಎಂದು ಹೇಳುವುದಕ್ಕೆ ಬರುವುದಿಲ್ಲವಂತೆ. ಆಸ್ಪತ್ರೆಯೋ, ಬಸ್ಸೋ, ನಮ್ಮ ಕೊಟ್ಟಿಗೆಯೋ ಯಾರಿಗೆ ಗೊತ್ತು.

"ನಿಂಗೆ ಬೇಜಾರಾ ಅಮ್ಮ?" ಎಂದಳು ಚೈತ್ರ.

"ಮಗೀಗೆ ಇಲ್ವಲ್ಲ. ಬೇಜಾರೆಂತ," ಎಂದೆ. ಬೇಜಾರಾಗಿತ್ತು.

ಟ್ರೂಸಳ ಮನೆ

ಡಾಕ್ಟರು ಹೇಳಿದ್ದು: ಮೊದಲು ಹೆಬ್ಬೆರಳು ಪೂರ್ತಿ ಒಣಗಬೇಕು. ಗಾಯ ಇರುವವರೆಗೆ ಮದ್ದು ಹಾಕಿ ಪ್ರಯೋಜನವಿಲ್ಲ. ಒಣಗಿದ ಮೇಲೆ ಮೂಗಿಗೆ ಮುಲಾಮು, ಮೈಗೆ ತಲೆಗೆ ಬೇರೆ ಸೋಪು, ದಿನಾ ಹಾಸಿಗೆ ಬಟ್ಟೆ ಬದಲು. ಆಮೇಲೆ ಮತ್ತೆ ಪರೀಕ್ಷೆ. ಅಷ್ಟರಲ್ಲಿ ಮಗು ಮನೆಗೆ ಬರುತ್ತದೆ. ನಾನು ಎಲ್ಲಿರುವುದು? ಟ್ರೂಸ್ ಬಂದು ನನ್ನ ಚೀಲ ಎತ್ತಿ ಕಾರಿಗೆ ಹಾಕಿದಳು. ಕೇಳಲಿಲ್ಲ, ಹೇಳಲಿಲ್ಲ.

ಹೋಗಿ ನೋಡಿದರೆ ಹಂದಿಯ ಮನೆ! ಉದ್ದಕ್ಕೆ ಎರಡು ಕೊಟ್ಟಿಗೆ, ತುಂಬ ಹಂದಿ. ನಮ್ಮಲ್ಲಿ ಗದ್ದೆಗೆ ಕಾಡುಹಂದಿ ನುಗ್ಗಿದರೆ ಡಬ್ಬ ಬಡಿಯುತ್ತೇವೆ; ಇಲ್ಲಿ ಅವಕ್ಕೆ ಫ್ಯಾನು ಹಾಕಿದ್ದರು. ಕೊಟ್ಟಿಗೆಯ ಒಳಗೆ ಹೋಗಬೇಕಾದರೆ ಟ್ರೂಸ್ ಸ್ನಾನ ಮಾಡಿ, ಒಳಗಿನ ಬಟ್ಟೆ ಒಳಗಿನ ಬೂಟು ಹಾಕಿಕೊಂಡು ಹೋಗುವಳು. ಬಂದ ಮೇಲೆ ಮತ್ತೆ ಸ್ನಾನ. ನಾನು ಇಣುಕಲು ಹೋದಾಗ ಬಾಗಿಲಿಗೆ ಕೈ ಅಡ್ಡ ಹಿಡಿದಳು. ನನ್ನ ಮೂಗು ತೋರಿಸಿ, ತಲೆ ಅಡ್ಡಡ್ಡ ಆಡಿಸಿದಳು. ಹಂದಿಗೂ ನಾನು ಬೇಡವಾದೆ!

ಆಮೇಲೆ ಅವಳು ತನ್ನ ಮೂಗನ್ನೂ ತೋರಿಸಿದಳು. ನನಗೆ ಅರ್ಥವಾಗಲಿಲ್ಲ. ಚೈತ್ರಳಿಗೆ ಫೋನು ಮಾಡಿದೆ.

"ಅತ್ತೆಗೂ ಉಂಟಮ್ಮ," ಎಂದಳು. "ಹಂದಿ ಸಾಕೋರಲ್ಲಿ ತುಂಬ ಜನಕ್ಕೆ ಇರ್ತದೆ. ಅವ್ರು ಹಿಂದೆ ಸೊಂಟದ ಆಪರೇಷನ್‌ಗೆ ಹೋದಾಗ ಗೊತ್ತಾಗಿದ್ದು. ಮದ್ದು ಮಾಡಿದ್ರೂ ಮತ್ತೆ ಹಂದಿಯಿಂದ ಬರ್ತದಲ್ಲ. ಅದಕ್ಕೆ ಆಸ್ಪತ್ರೆ ಬಾಗಿಲಲ್ಲಿ ಅವ್ರೇ ಮೊದ್ಲು ಹೇಳ್ಬಿಡ್ತಾರೆ, ನಾನು ಹಂದಿಯೋಳು ಅಂತ."

"ಅವತ್ತು ನಕ್ಕಿದ್ದು ಎಂತಕ್ಕೆ?"

"ಈಗ ನಾವು ಇಬ್ರು ಅಜ್ಜಿಯಂದ್ರಾದ್ವು, ಇಬ್ರೂ ಹೊರಗೇ ಅಂದ್ರು."

ಫೋನಿಟ್ಟು ಟ್ರೂಸಳ ಮುಖ ನೋಡಿದೆ. ಕಲ್ಲು ಮನಸ್ಸು ಎಂದುಕೊಂಡಿದ್ದೆನಲ್ಲ, ಅವಳು ಆಲೂಗಡ್ಡೆ ಸುಲಿಯುತ್ತಿದ್ದಳು. ಒಂದು ಚಾಕು ನಾನೂ ತಗೊಂಡೆ. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಅವಳು ಹಂದಿಯ ವಿಷಯ ಹೇಳಿದಳು ಎಂದು ಕಾಣುತ್ತದೆ. ನಾನು ಗೌರಿ ಕೆಂಪಿಯ ವಿಷಯ ಹೇಳಿದೆ. ಮೇಜಿನ ಮೇಲೆ ನಾಲ್ಕು ಆಲೂಗಡ್ಡೆ ಸಾಲಾಗಿ ಇಟ್ಟು, ಒಂದನ್ನು ಕೊನೆಗೆ ದೂಡಿ, ಹಾಲು ಕರೆಯುವ ಹಾಗೆ ಕೈ ಮಾಡಿ, ಕೈ ತೊಳೆದು ತೋರಿಸಿದೆ. ಟ್ರೂಸ್ ಮೇಜು ಕುಟ್ಟಿ, "ಯಾ, ಯಾ!" ಎಂದಳು. ಆ ಕೊನೆಯ ಆಲೂಗಡ್ಡೆಯನ್ನು ನನ್ನ ಮುಂದಿಟ್ಟಳು. ಇನ್ನೊಂದನ್ನು ಅದರ ಪಕ್ಕಕ್ಕೆ ತಂದು, ತನ್ನ ಎದೆ ಮುಟ್ಟಿಕೊಂಡಳು.

ಮಗು ಹುಟ್ಟಿದರೆ ಅಲ್ಲಿ ಗುಂಡನೆಯ ರಸ್ಕಿಗೆ ಬೆಣ್ಣೆ ಬಳಿದು, ಮೇಲೆ ಸಕ್ಕರೆ ಲೇಪಿಸಿದ ಸೋಂಪು ಉದುರಿಸಿ ಹಂಚುತ್ತಾರೆ. ಟ್ರೂಸ್ ಮಾಡಿ ಕೊಟ್ಟಳು. ಸೋಂಪು ತಿಂದರೆ ಬಾಣಂತಿಗೆ ಹಾಲು ಎಂದು ಅವರಲ್ಲೂ ಹಿಂದಿನವರು ಹೇಳುತ್ತಿದ್ದರಂತೆ. ನನಗೆ ಎರಡು ಕೊಟ್ಟಳು. ಆ ದೇಶದಲ್ಲಿ ಎರಡನೆಯದನ್ನು ಕೈಯಾರೆ ಕೊಟ್ಟವಳು ಅವಳೊಬ್ಬಳೇ.

ಕಿಟಕಿ

ಮಗು ಮನೆಗೆ ಬಂತು. ಹೆಸರು ಮೀರಾ. ಚೈತ್ರಳಿಗೆ ಹಾಲೂ ಇಳಿದಿತ್ತು. ಅಲ್ಲಿ ಬಾಣಂತಿಯ ಮನೆಗೆ ನರ್ಸೊಬ್ಬಳು ದಿನಾ ಬಂದು ಮಗು ನೋಡಿ, ಬಾಣಂತಿ ನೋಡಿ, ಬಟ್ಟೆ ಒಗೆದು, ಬಂದವರಿಗೆ ಕಾಫಿ ಮಾಡಿಕೊಟ್ಟು ಹೋಗುತ್ತಾಳೆ. ನಾನು ಮಾಡಬೇಕೆಂದು ಬಂದ ಕೆಲಸವನ್ನೆಲ್ಲ ಒಬ್ಬಳು ಸಂಬಳದವಳು ನಗುನಗುತ್ತಾ ಮಾಡುತ್ತಿದ್ದಳು. ಬೈಯಲು ಏನೂ ಸಿಗಲಿಲ್ಲ.

ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳಬೇಡ ಎಂದು ಯಾರೂ ಹೇಳಿರಲಿಲ್ಲ. ಕೈ ತೊಳೆದುಕೊಂಡು ಎತ್ತಿಕೊಳ್ಳಬಹುದು, ಮನೆ ಬೇರೆ ಆಸ್ಪತ್ರೆ ಬೇರೆ ಎಂದೇ ಹೇಳಿದ್ದರು. ಆದರೆ ಮೀರಾಳಿಗೆ ತೊಡೆಸಂದಿಯಲ್ಲಿ ಹರ್ನಿಯಾದ ಗಂಟು ಇತ್ತು. ಅವಸರದಲ್ಲಿ ಹುಟ್ಟಿದ ಮಕ್ಕಳಿಗೆ ಬರುವುದುಂಟಂತೆ. ಸ್ವಲ್ಪ ಬೆಳೆದ ಮೇಲೆ ಕೊಯ್ದು ಹೊಲಿಯಬೇಕು ಎಂದಿದ್ದರು. ಅಂದರೆ ಮತ್ತೆ ಅದೇ ಆಸ್ಪತ್ರೆ, ಮೈಮೇಲೆ ಹಸಿಗಾಯ.

ನಾನೂ ಟ್ರೂಸೂ ಹೋಗಿ ಹಿತ್ತಲಿನಲ್ಲಿ ನಿಂತೆವು. ಕಿಟಕಿಗೆ ಪರದೆಯಿಲ್ಲದ ದೇಶ, ಅದೊಂದು ಅನುಕೂಲವಾಯಿತು. ಚೈತ್ರ ಕಿಟಕಿ ತೆಗೆದು ಮಗುವನ್ನು ಎತ್ತಿ ಹಿಡಿದಳು. ಕಪ್ಪು ಕೂದಲು, ಯಾನ್‌ನ ಗಲ್ಲ. ಬಾಯಿ ಮಾತ್ರ ನನ್ನದು. ಬಿಗಿದುಕೊಂಡಿತ್ತು.

"ಒಳಗೆ ಬಾ ಅಮ್ಮ. ಕೈ ತೊಳ್ಕಂಡು ಒಂದು ಸಲ ಎತ್ಕ. ಎಂತ ಆಗಲ್ಲ."

"ಎಂತ ಆಗಲ್ಲ ಅಂತ ಬರ್ದು ಕೊಟ್ಟಿದಾರಾ?"

"ನೀನು ಇಷ್ಟು ದೂರ ಬಂದಿದ್ದೇ ಇದಕ್ಕೆ ಅಲ್ವಾ?"

"ಬಂದಿದ್ದು ಬಾಣಂತನಕ್ಕೆ. ಮಗೀಗೆ ಹೊಲಿಗೆ ಬೀಳೋವರೆಗೂ ನಾನು ಮುಟ್ಟದಿಲ್ಲ. ನನ್ನ ಬಾಣಂತನ ಇಷ್ಟೇ ಅಂತ ತಿಳ್ಕ."

"ಹಟಮಾರಿ!"

"ಹೂಂ. ಮಗು ಶೀತಕ್ಕೆ ಬಿಡ್ಬೇಡ, ಕಿಟಕಿ ಹಾಕು."

ಅವಳು ಕಿಟಕಿ ಹಾಕಿಕೊಂಡು ಅತ್ತಳು. ಗಾಜಿನ ಆಚೆ ಅಳುವುದು ಕಂಡಿತು. ಟ್ರೂಸ್ ನನ್ನ ಮುಖ ನೋಡಲಿಲ್ಲ, ಗುಲಾಬಿ ಗಿಡದ ಒಣಗಿದ ಎಲೆ ಕೀಳುತ್ತಾ ನಿಂತಳು. ಒಳ್ಳೆಯ ಹೆಂಗಸು.

ಆಮೇಲೆ ಯಾನ್ ಮಗುವಿಗೆ ನೀರು ಹಾಕಿದ. ಅಲ್ಲಿ ಬಕೆಟ್ಟಿನಲ್ಲಿ ಕೂರಿಸಿ ಸ್ನಾನ ಮಾಡಿಸುತ್ತಾರೆ, ಉಪ್ಪಿನಕಾಯಿಗೆ ಮಾವಿನಮಿಡಿ ಅದ್ದಿದ ಹಾಗೆ. ನಾನು ಹೊರಗಿನಿಂದ ಕೂಗಿದೆ, "ಕಾಲು ಚಾಚ್ಕಂಡು ಕೂರು ಮಾರಾಯ! ಕಾಲ ಮೇಲೆ ಹಾಕ್ಕ! ತಲೆ ಹಿಡಿ, ತಲೆ!" ಅವನು ನೆಲದ ಮೇಲೆ ಕೂತು ಉದ್ದ ಕಾಲು ಚಾಚಿದ, ಪಾದ ಗೋಡೆಗೆ ತಾಗಿತು. ಮಗುವನ್ನು ಬೋರಲು ಹಾಕಿಕೊಂಡು, ಅಂಗೈಯಲ್ಲಿ ಎಣ್ಣೆ ನೀವಿದ. ಗಂಡಸು ಹೀಗೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೈ ಮೆತ್ತಗಿತ್ತು. ಮೀರಾ ಅಳಲಿಲ್ಲ. ಕುದಿಯುವ ನೀರಿನಲ್ಲಿ ಒಗೆಸಿದ ನನ್ನ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ. ಸುತ್ತುವುದು ಮಾತ್ರ ಅವನಿಗೆ ಬರಲಿಲ್ಲ, ಪೊಟ್ಟಣ ಕಟ್ಟಿದ ಹಾಗೆ ಕಟ್ಟಿದ. ಇರಲಿ.

ಹೊರಡುವ ದಿನ

ಹೆಬ್ಬೆರಳು ನಿಧಾನಕ್ಕೆ ಒಣಗಿತು. ಮುಲಾಮು ಹಚ್ಚಿದೆ, ಸೋಪು ತಿಕ್ಕಿದೆ, ಟ್ರೂಸ್ ದಿನಾ ನನ್ನ ಹಾಸಿಗೆ ಬಟ್ಟೆ ಒಗೆದಳು. ಪರೀಕ್ಷೆಗೆ ಮತ್ತೆ ಕಡ್ಡಿ ಹಾಕಿಸಿಕೊಂಡೆ. ಆದರೆ ಫಲಿತಾಂಶ ಬರುವ ಮೊದಲೇ ನನ್ನ ವಿಮಾನದ ದಿನ ಬಂತು.

ವಿಮಾನ ನಿಲ್ದಾಣಕ್ಕೆ ಎಲ್ಲರೂ ಬಂದಿದ್ದರು. ಮೀರಾ ಯಾನ್‌ನ ಎದೆಗೆ ಕಟ್ಟಿದ ಬಟ್ಟೆಯೊಳಗೆ ನಿದ್ದೆ ಮಾಡುತ್ತಿದ್ದಳು. ಕಾಣುತ್ತಿದ್ದದ್ದು ಒಂದು ಕಿವಿ. ಆ ಕಿವಿಯನ್ನು ಚೆನ್ನಾಗಿ ನೋಡಿಕೊಂಡೆ. ಚೈತ್ರ ನನ್ನನ್ನು ತಬ್ಬಿಕೊಳ್ಳಲು ಬಂದಳು. ನಾನು ಹಿಂದೆ ಸರಿದೆ. ಅವಳು ಅದೇ ಬಟ್ಟೆಯಲ್ಲಿ ಹೋಗಿ ಮಗುವಿಗೆ ಹಾಲು ಕುಡಿಸುವವಳು.

"ಹೋಗ್ಬರ್ತೀನಿ. ಶುಂಠಿ ಕಷಾಯ ಬಿಡ್ಬೇಡ," ಎಂದೆ.

ಆಗ ಟ್ರೂಸ್ ಮುಂದೆ ಬಂದು ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾವು ಮೈ ತಬ್ಬುವ ಜನ ಅಲ್ಲ. ನನ್ನ ಗಂಡ ಬದುಕಿದ್ದಾಗಲೂ ಬೀದಿಯಲ್ಲಿ ನನ್ನ ಕೈ ಹಿಡಿದವನಲ್ಲ. ಆದರೆ ಅಷ್ಟು ಜನರ ನಡುವೆ, ಒಬ್ಬರಿಗೊಬ್ಬರು ಹೆದರದೆ ಮುಟ್ಟಬಹುದಾದವರು ನಾವಿಬ್ಬರೇ ಇದ್ದೆವು. ಅವಳ ಹತ್ತಿರ ಸೋಪಿನ ವಾಸನೆ, ಅದರ ಅಡಿಯಲ್ಲಿ ಒಂಚೂರು ಹಂದಿಯ ವಾಸನೆ. ನಾನೂ ಹಿಡಿದುಕೊಂಡೆ.

ಮತ್ತೆ ಮುತ್ತಿನಕೊಪ್ಪ

ಬಂದು ಕೆಲವು ದಿನಕ್ಕೆ ಫಲಿತಾಂಶ ಫೋನಿನಲ್ಲಿ ಬಂತು: ನನ್ನ ಮೂಗು ಸ್ವಚ್ಛ. ಇನ್ನು ಮುಟ್ಟಬಹುದು, ಮುಟ್ಟಲು ಮಗು ಇಲ್ಲ.

ಪಕ್ಕದ ಮನೆಯ ಹುಡುಗಿ ಕೊಪ್ಪದ ಆಸ್ಪತ್ರೆಯಲ್ಲಿ ಹೆತ್ತಳೆಂದು ನೋಡಲು ಹೋದೆ. ನೆಂಟರೆಲ್ಲ ಮಂಚದ ಸುತ್ತ ಇದ್ದರು, ಮಗು ಕೈಯಿಂದ ಕೈಗೆ ಹೋಗುತ್ತಿತ್ತು. ನನ್ನ ಕೈಗೂ ಬರುವುದರಲ್ಲಿತ್ತು. ತಡಿ ಎಂದು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದು ಬಂದೆ.

"ಎಂತ ಅತ್ತಿಗೆ, ಫಾರಿನ್ನಿಗೆ ಹೋಗಿ ಬಂದ್ಮೇಲೆ ನಮ್ಮ ಮಗು ಮುಟ್ಟಕ್ಕೂ ನೀರು ಬೇಕಾಯ್ತಾ?" ಎಂದು ಹುಡುಗಿಯ ತಾಯಿ ಚುಚ್ಚಿದಳು.

"ಗಲೀಜು ನಿನ್ನ ಮಗು ಅಲ್ಲ ಮಾರಾಯ್ತಿ, ನನ್ನ ಕೈ," ಎಂದೆ. ಅವಳು ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋಗಿ ತಾನೂ ತೊಳೆದುಕೊಂಡು ಬಂದಳು. ನನ್ನ ಮೇಲಿನ ಸಿಟ್ಟಿಗೋ ಏನೋ, ತೊಳೆದದ್ದಂತೂ ಹೌದು.

ಮೀರಾಳ ಆಪರೇಷನ್ನಿನ ದಿನ ನಾನು ಯಾರಿಗೂ ಫೋನು ಮಾಡಲಿಲ್ಲ. ಸಂಜೆ ಕೊಟ್ಟಿಗೆಯಲ್ಲಿ ಕೆಚ್ಚಲು ತೊಳೆಯಲು ಬಿಸಿ ನೀರು ತಂದು ಇಟ್ಟಿದ್ದೆ. ರಮೇಶ ಫೋನು ಹಿಡಿದುಕೊಂಡು ಓಡಿ ಬಂದ. ಚೈತ್ರ.

"ಚೆನ್ನಾಗಾಯ್ತಮ್ಮ. ಹಾಲು ಕುಡ್ದು ಮಲಗಿದಾಳೆ. ಎಲ್ಲಾ ಮಕ್ಕಳ ಜೊತೆಗೇ ಹಾಕಿದಾರೆ, ಬೇರೆ ಕೋಣೆ ಇಲ್ಲ. ಅಮ್ಮ, ಇವತ್ತು ಡಾಕ್ಟರು ಮೊದ್ಲು ನಮ್ಮ ಹತ್ರನೇ ಬಂದ್ರು."

"ಹೌದಾ," ಎಂದೆ. "ಸರಿ, ಫೋನ್ ಇಡು. ಹಾಲು ಕರೀಬೇಕು."

ತಂಬಿಗೆ ತಗೊಂಡು ಗೌರಿಯ ಹತ್ತಿರ ಕೂತೆ. ಕೆಂಪಿ ಆ ತುದಿಯಲ್ಲಿ ಹುಲ್ಲು ಜಗಿಯುತ್ತಾ ನಿಂತಿತ್ತು, ಅದರ ಸರದಿ ಯಾವಾಗ ಎಂದು ಅದಕ್ಕೆ ಗೊತ್ತು.